ಒಂದು ಬೋಗುಣಿ ನೀರು, ಐದು ಮುಖ

ಮಾನ್ಯ ಗ್ರಾಮ ನೈರ್ಮಲ್ಯಾಧಿಕಾರಿಗಳೇ,

ನಮ್ಮ ಊರಿನ ಮಕ್ಕಳಿಗೆ ಮತ್ತೆ ಮತ್ತೆ ಕಣ್ಣುಬೇನೆ ಬರುವುದಕ್ಕೆ ‘ಜನರಲ್ಲಿ ಅರಿವಿನ ಕೊರತೆ’ಯೇ ಕಾರಣವೆಂದು ತಾವು ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ನನ್ನ ಮಗಳ ಎಡಗಣ್ಣು ಹೋಗಿದೆ. ತಾವು ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ಕೇಳಲು ಈ ಪತ್ರ.

ಅರಿವಿನ ವಿಷಯ ನನಗೆ ಹೇಳಬೇಡಿ ಸ್ವಾಮಿ. ನಾನು ಬೋರ್ಡು ಬರೆಯುವ ಪೇಂಟರ್. ‘ಶುದ್ಧ ನೀರಿನಲ್ಲಿ ಮುಖ ತೊಳೆಯಿರಿ, ಮಕ್ಕಳ ಕಣ್ಣು ಉಳಿಸಿರಿ’ ಎಂದು ಊರ ನೀರಿನ ಟ್ಯಾಂಕಿನ ಮೇಲೆ ನೀಲಿ ಬಣ್ಣದಲ್ಲಿ ಬರೆದವನು ನಾನೇ. ತಮ್ಮ ಇಲಾಖೆಯದೇ ಕೆಲಸ. ಏಣಿ ಒರಗಿಸಿದಾಗ ಟ್ಯಾಂಕು ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು. ಒಳಗೆ ನೀರಿದ್ದಿದ್ದರೆ ಗೋಡೆ ಒಸರಿ ಬಣ್ಣ ಹಿಡಿಯುತ್ತಿರಲಿಲ್ಲವೇನೋ! ಆ ಉಪಕಾರಕ್ಕೆ ಋಣಿ.

ಮನೆಮನೆಗೂ ಪಾಯಿಖಾನೆ ಕಟ್ಟಿಸಿಕೊಟ್ಟಿರಿ. ಬಾಗಿಲಿಗೆ ಹಸಿರು ಬಣ್ಣ ಬಳಿದವನೂ ನಾನೇ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಕುಡಿಯಲಿಕ್ಕೇ ನೀರು ಸಾಲದ ಮನೆಯಲ್ಲಿ ಅದಕ್ಕೆ ಸುರಿಯುವುದು ಏನನ್ನು? ಜನ ಹಿತ್ತಲ ಆಚೆಗೇ ಹೋಗುತ್ತಾರೆ. ಅಲ್ಲಿ ಕೂತ ನೊಣ ನೆಟ್ಟಗೆ ಬಂದು ಮಕ್ಕಳ ಗೀಜುಗಟ್ಟಿದ ಕಣ್ಣಿನ ಮೇಲೆ ಕೂರುತ್ತದೆ. ನೊಣಕ್ಕೂ ಅರಿವಿನ ಕೊರತೆಯೇ?

ನಮ್ಮ ಮನೆಯ ಕ್ರಮ ಕೇಳಿ. ಬೆಳಿಗ್ಗೆ ಮುಖ ತೊಳೆಯಲು ಎಲ್ಲರಿಗೂ ಸೇರಿ ಒಂದು ಬೋಗುಣಿ ನೀರು. ಹಿರಿಯರಿಗೆ ಮೊದಲ ಮರ್ಯಾದೆ. ಮೊದಲು ನನ್ನ ಅಮ್ಮ, ಆಮೇಲೆ ನಾನು, ಹೆಂಡತಿ, ಮಗ, ಕೊನೆಗೆ ಮಗಳು ಪುಟ್ಟಿ. ಹನಿಯೂ ಚೆಲ್ಲಬಾರದೆಂದು ಬೋಗುಣಿಯೊಳಗೇ ಕೈ ಅದ್ದುತ್ತಿದ್ದೆವು. ಒರೆಸಿಕೊಳ್ಳಲು ಒಂದೇ ಟವೆಲು, ಇನ್ನೊಂದಿದ್ದರೆ ಅದನ್ನೂ ಒಗೆಯಬೇಕಲ್ಲ. ಪುಟ್ಟಿಯ ಮುಖವನ್ನು ಅಮ್ಮ ಬೇರೆಯವರಿಗೆ ಬಿಟ್ಟುಕೊಡದೆ ತಾನೇ ತೊಳೆಯುತ್ತಿದ್ದಳು. ಅಮ್ಮನ ಕಣ್ಣು ವರ್ಷಗಳಿಂದ ಕೆಂಪು.

ಪುಟ್ಟಿಗೆ ಕಣ್ಣುಬೇನೆ ಬಂತು, ಔಷಧಿ ಹಾಕಿದೆವು, ವಾಸಿಯಾಯಿತು, ಮತ್ತೆ ಬಂತು. ಕೊನೆಗೆ ಹುಣ್ಣಾಗಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂತಿತು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

“ಬಲಗಣ್ಣು ಇನ್ನೂ ಉಳಿಸ್ಕೋಬಹುದು. ಆದ್ರೆ ಒಬ್ರು ತೊಳೆದ ನೀರಲ್ಲಿ ಇನ್ನೊಬ್ರು ತೊಳೀಬೇಡಿ. ಮಗೂಗೆ ಬೇರೆ ನೀರು, ಬೇರೆ ಬಟ್ಟೆ,” ಅಂದರು.

“ಇನ್ಮೇಲೆ ಇವಳಿಗೇ ಮೊದಲು ಕೊಡ್ತೀವಿ ಡಾಕ್ಟ್ರೇ,” ಎಂದಳು ನನ್ನ ಹೆಂಡತಿ. “ಆದ್ರೆ ಅಕ್ಕಪಕ್ಕದ ಮಕ್ಕಳ ಕಣ್ಣೂ ಹಿಂಗೇ ಇದೆ. ಇವಳು ಅವರ ಜೊತೇಲಿ ತಾನೇ ಆಡ್ಬೇಕು?”

ಡಾಕ್ಟರಮ್ಮ ಪುಟ್ಟಿಯೊಬ್ಬಳಿಗೆ ಔಷಧಿ ಬರೆದುಕೊಟ್ಟರು.

ಅಮ್ಮ ಈಗ ಮುಖವನ್ನೇ ತೊಳೆಯುವುದಿಲ್ಲ. “ನನ್ನ ಪಾಲಿಂದೂ ಅವಳಿಗೇ ಇರ್ಲಿ. ನನ್ನ ಕೈಯಾರೆ ಆ ಕಣ್ಣು ಕಿತ್ನಲ್ಲೋ,” ಎಂದು ಮೂಲೆ ಹಿಡಿದಿದ್ದಾಳೆ. ಅವಳನ್ನು ಯಾವ ಸಭೆಯಲ್ಲಿ ಕೂರಿಸಿ ಸಮಾಧಾನ ಮಾಡುತ್ತೀರಿ? ನನಗಂತೂ ಆಗುತ್ತಿಲ್ಲ. ಅವಳ ಎದುರು ಕೂತರೆ ನನಗೇ ಅಳು ಬರುತ್ತದೆ.

ಆ ಟ್ಯಾಂಕಿಗೆ ನೀರು ಬಿಡಿಸಿ. ನಲ್ಲಿಗೂ ಬರಲಿ, ಪಾಯಿಖಾನೆಗೂ ಬರಲಿ. ಊರಿನ ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ. ಅದು ತಮ್ಮಿಂದ ಆಗದಿದ್ದರೆ, ನಾನು ಬರೆದದ್ದರ ಮೇಲೆ ಸುಣ್ಣ ಬಳಿಯಲು ಅಪ್ಪಣೆ ಕೊಡಿ. ಕೂಲಿ ಬೇಡ.

ಮೊನ್ನೆ ಪುಟ್ಟಿಯನ್ನು ಟ್ಯಾಂಕಿನ ಹತ್ತಿರ ಕರೆದೊಯ್ದಿದ್ದೆ. ನಾನು ಬರೆಯುವ ಬೋರ್ಡುಗಳನ್ನು ನೋಡಿಯೇ ಓದು ಕಲಿತವಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣು ಅಗಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು:

“ಚೆನ್ನಾಗೇ ಬರ್ದಿದೀಯ ಅಪ್ಪ. ಇನ್ನೊಂಚೂರು ದೊಡ್ಡದಾಗಿ ಬರೀಬೇಕಿತ್ತು, ಅಷ್ಟೇ.”

ಇಂತಿ,
ತಮ್ಮ ಇಲಾಖೆಯ ಗೋಡೆಗಳ ಪೇಂಟರ್,
ಅರಿವಿಗೆ ಕೊರತೆಯಿಲ್ಲದ ಒಬ್ಬ ಅಪ್ಪ