ಭದ್ರಾವತಿ ಸ್ಟೇಷನ್ ಪಕ್ಕದ ಸಿಳ್ಳೆ

೩ ಆಗಸ್ಟ್ ೧೯೮೩, ಚನ್ನಗಿರಿ

ಮತ್ತೆ ಮೀಟರ್ ರೀಡಿಂಗ್, ಮತ್ತೆ ತಣ್ಣನೆ ಚಹಾ. ಮಧ್ಯಾಹ್ನ ಸಬ್‌ಸ್ಟೇಷನ್‌ಗೆ ಟ್ಯಾಕ್ಸಿ ಡ್ರೈವರ್ ತಿಪ್ಪೇಶಪ್ಪ ಬಂದಿದ್ದರು.

"ನಿಮ್ಮ ಕರೆಂಟ್ ಲೈನ್ ಹತ್ರ ಬಂದ್ರೆ ಸಾಕು ಮೇಡಂ, ಕಾರಿನ ರೇಡಿಯೋದಾಗೆ ಭದ್ರಾವತಿ ಸ್ಟೇಷನ್ ಸಿಳ್ಳೆ ಹೊಡಿತೈತೆ. ಭಾನುವಾರ ನಮ್ಮವ್ವನ ಹಾಡು ಬರ್ತೈತ್ರಿ."

ತಾಯಿ ಉಡಚಮ್ಮ, ಜಗಳೂರು ಕಡೆಯವರು. ಭದ್ರಾವತಿ ರೇಡಿಯೋದವರಿಗೆ ಬೀಸುಕಲ್ಲಿನ ಪದ ಹಾಡಿ ರೆಕಾರ್ಡ್ ಮಾಡಿಸಿ ಬಂದ ಮೇಲೆ ಕಾಲು ಮುರಿದಿದೆ. ಹಾಸಿಗೆ ಬಿಟ್ಟೇಳುವಂತಿಲ್ಲ. ಮನೆಯಲ್ಲಿ ರೇಡಿಯೋ ಇಲ್ಲ. ಕಾರನ್ನೇ ಬಾಗಿಲಿಗೆ ತರಬೇಕು — ಬಾಗಿಲೋ, ನಮ್ಮ ಲೈನ್ ಪಕ್ಕ.

ನಮ್ಮ ಮೇಲಧಿಕಾರಿ ಷಣ್ಮುಖಪ್ಪ ಸಾಹೇಬರು ನಕ್ಕರು. "ಎಂಜಿನ್ ಪ್ಲಗ್ ನೋಡಿಸಪ್ಪಾ."

ನಾನು ನಗಲಿಲ್ಲ.

೪ ಆಗಸ್ಟ್

ತಿಪ್ಪೇಶಪ್ಪನವರ ಅಂಬಾಸಿಡರ್‌ನಲ್ಲಿ ಸೂಳೆಕೆರೆವರೆಗೆ ಹೋದೆ. ಎಂಜಿನ್ ಆಫ್ ಮಾಡಿಸಿದರೂ ಸಿಳ್ಳೆ. ಪ್ಲಗ್ ಅಲ್ಲ! ಲೈನ್ ಬಿಟ್ಟು ಕೆರೆ ಏರಿ ಹತ್ತಿದರೆ ಮಾಯ.

ಸಂಜೆ ಥಟ್ಟನೆ ಹೊಳೆಯಿತು. ಕರೆಂಟ್ ತಂತಿಯ ಮೇಲೇ ಹೊನ್ನಾಳಿ ಸಬ್‌ಸ್ಟೇಷನ್‌ಗೆ ಫೋನ್ ಮಾತು ಕಳಿಸುವ ನಮ್ಮ ಕ್ಯಾರಿಯರ್ ಸೆಟ್ — ೩೩೬ ಕಿಲೋಹರ್ಟ್ಸ್. ಅದರ ಎರಡರಷ್ಟರ ಅಲೆಯೂ ಸೋರುತ್ತಿದ್ದರೆ, ೬೭೨. ರೇಡಿಯೋದಲ್ಲಿ ಭದ್ರಾವತಿ ೬೭೫! ಎರಡು ಅಲೆ ಅಷ್ಟು ಹತ್ತಿರ ಬಂದರೆ ಸಿಳ್ಳೆಯೇ...

೬ ಆಗಸ್ಟ್, ಶನಿವಾರ

ಸೆಟ್ ಆಫ್ ಮಾಡಿ ನೋಡೋಣವೆಂದು ನಿನ್ನೆಯೆಲ್ಲ ಸಾಹೇಬರ ಹಿಂದೆ ಸುತ್ತಿದ್ದೇ ಆಯಿತು. ಇವತ್ತು ರೇಗಿದರು.

"ಸೆಟ್ ಮುಟ್ಟಬೇಡ ರುದ್ರಾಣಿ. ಹೊನ್ನಾಳಿ ಜೊತೆ ಮಾತು ಕಟ್ಟಾದ್ರೆ ಯಾರ ನೌಕರಿ ಹೋಗೋದು?"

"ನಂದೇ ಹೋಗ್ಲಿ ಸರ್. ಒಂದು ಸಲ ಕಾರಿನಾಗೆ ಕೂತು ಕೇಳ್ರಿ."

ಹೇಳಿಬಿಟ್ಟೆ! ಸೇರಿ ವರ್ಷವೂ ಆಗಿಲ್ಲ.

ಕೂತರು. ಸೆಟ್ ಆಫ್ — ವಾರ್ತೆ ಸ್ವಚ್ಛ. ಆನ್ — ಸಿಳ್ಳೆ. ಮತ್ತೆ ಆಫ್ ಮಾಡಿಸಿದರು, ಮತ್ತೆ ಆನ್. ಇಳಿದು ಬಂದವರು ಅಂಗಿಯ ತೋಳು ಮಡಚಿದರು.

"ಫಿಲ್ಟರ್ ಬಿಚ್ಚಮ್ಮ. ನಾನು ಟಾರ್ಚ್ ಹಿಡಿತೀನಿ."

ಬೇಡದ ಅಲೆ ತಡೆಯಬೇಕಾದ ಫಿಲ್ಟರ್. ಒಳಗೆ ಕೆಪಾಸಿಟರ್ ಉಬ್ಬಿ ಒಡೆದಿತ್ತು. ಸ್ಪೇರ್ ಇತ್ತು, ಹಾಕಿದೆವು. ಸೆಟ್ ಆನ್, ಹೊನ್ನಾಳಿ ಲೈನಿನಲ್ಲಿ, ರೇಡಿಯೋದಲ್ಲಿ ಸಿಳ್ಳೆ ಇಲ್ಲ. ಗೆದ್ದೆ!

೭ ಆಗಸ್ಟ್, ಭಾನುವಾರ ಸಂಜೆ

ತಿಪ್ಪೇಶಪ್ಪನವರ ಮನೆ ಮುಂದೆ ಕಾರಿನ ನಾಲ್ಕೂ ಬಾಗಿಲು ತೆರೆದು ಬೀದಿಯೆಲ್ಲ ನೆರೆದಿತ್ತು. ಸಾಹೇಬರೂ ಬಂದಿದ್ದರು. ಉಡಚಮ್ಮನ ಮಂಚ ಹೊಸ್ತಿಲ ತನಕ ಎಳೆದಿದ್ದರು. ರೇಡಿಯೋದಲ್ಲಿ ದನಿ ಬಂತು, ಗಂಟೆಯ ಹಾಗೆ.

ಉಡಚಮ್ಮ ಹುಬ್ಬು ಗಂಟಿಕ್ಕಿದರು. "ಯಾವಾಕಿ ಇವಳು? ನನ್ನಂಗೇ ಹಾಡ್ತಾಳಲ್ಲ!"

"ನೀನೇ ಕಣವ್ವಾ!" ತಿಪ್ಪೇಶಪ್ಪ ಅಳುತ್ತ ನಗುತ್ತಿದ್ದರು.

ಆಯಮ್ಮ ರೇಡಿಯೋ ಜೊತೆ ತಾವೂ ಪದ ಎತ್ತಿಕೊಂಡರು, ಅದಕ್ಕಿಂತ ಜೋರಾಗಿ. ಬೀದಿಯ ಹೆಂಗಸರೆಲ್ಲ ಸೊಲ್ಲು ಹಿಡಿದರು. ನಾನೂ. ಹಾಡು ಬರದ ನಾನೂ!

ಹೊರಗೆ ಹಾರ್ನ್. ತಿಪ್ಪೇಶಪ್ಪ ತಮ್ಮ ಮನೆ ಊಟಕ್ಕೆ ಕರೆದೊಯ್ಯಲು ಬಂದಿದ್ದಾರೆ. ಸೀರೆ ಬದಲಿಸಲೇ, ಇದೇ ಇರಲೇ... ಇದೇ ಇರಲಿ, ಚಪ್ಪಲಿ ಎಲ್ಲಿ —