ಕತ್ತಲಲ್ಲಿ ನನ್ನ ಪಾಲು

ಮಾರ್ಚ್ ೧೧, ಸೋಮವಾರ

ನನ್ನ ಬಾವಲಿಗೆ,

‘ನನ್ನ’ ಎಂಬುದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹದಿನೇಳು ವರ್ಷ ಸುಮ್ಮನಿದ್ದು ಈಗ ಕಾಗದ ಬರೆಯುವ ಗಂಡನಿಗೆ ಆ ಹಕ್ಕಿಲ್ಲ ಎಂದು ನನಗೂ ಗೊತ್ತು. ಆದರೆ ಹಗಲೆಲ್ಲ ಫಿಲ್ಮ್ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಕೂತು, ಸಂಜೆ ಹೊರಗೆ ಬಂದಾಗ ಬೀದಿಯ ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನ ತೋಳು ಹಿಡಿದುಕೊಳ್ಳುತ್ತಿದ್ದವಳನ್ನು ಬೇರೆ ಹೆಸರಿನಿಂದ ಕರೆದು ನನಗೆ ರೂಢಿಯಿಲ್ಲ. ಕೋಪ ಬಂದರೆ ಆ ಒಂದು ಪದ ಬಿಟ್ಟು ಮುಂದೆ ಓದು.

ವಿಳಾಸ ಕೊಟ್ಟವರು ನಿನ್ನ ಅಕ್ಕ. ಸುಮ್ಮನೆ ಕೊಡಲಿಲ್ಲ. ನನ್ನ ದನಿ ಗುರುತು ಹತ್ತಿದ ಕೂಡಲೇ, “ಏನಪ್ಪಾ, ಈಗ ನೆನಪಾಯ್ತಾ? ಬದುಕಿದ್ದೀಯಾ ಇನ್ನೂ?” ಎಂದರು. ನಾನು ಹೂಂ ಅಂದೆ. ಹತ್ತು ನಿಮಿಷ ಬೈದರು, ನಾನು ಹತ್ತು ನಿಮಿಷವೂ ಹೂಂ ಅಂದೆ. ಕೊನೆಗೆ ವಿಳಾಸ ಹೇಳಿ, “ಚಿಕ್ಕದಾಗಿ ಬರಿ, ಅವ್ಳಿಗೆ ಬೇರೆ ಕೆಲ್ಸ ಇದೆ” ಎಂದು ಫೋನ್ ಇಟ್ಟರು. ಚಿಕ್ಕದಾಗಿ ಬರೆಯುವುದು ನನ್ನ ಕೈಲಿ ಆಗುವುದಿಲ್ಲ.

ವಿಷಯ ಇಷ್ಟು. ಹಳೆಯ ಚಿತ್ರಗಳನ್ನು ಉಳಿಸುವ ಸಂಸ್ಥೆಯೊಂದು ನಮ್ಮ ಮೊದಲ ಚಿತ್ರವನ್ನು ಕೈಗೆತ್ತಿಕೊಂಡಿದೆ. ಉಳಿದಿದ್ದ ಒಂದೇ ಒಂದು ಪ್ರಿಂಟ್ ಬಣ್ಣ ಕಳೆದುಕೊಂಡು ಪೂರ್ತಿ ಕೆಂಪಾಗಿದೆ, ಯಾವ ಕೆಲಸಕ್ಕೂ ಬಾರದು. ನೆಗೆಟಿವ್ ಮಾತ್ರ ಚೆನ್ನಾಗಿದೆ. ಅದನ್ನು ತೊಳೆದು, ಕಂಪ್ಯೂಟರಿಗೆ ಇಳಿಸಿ, ಚಿತ್ರ ಆಗ ಹೇಗಿತ್ತೋ ಹಾಗೆ ಮಾಡಬೇಕು. ಹೇಗಿತ್ತು ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಎಲ್ಲ ಮುಗಿದ ಮೇಲೆ, ‘ಇದು ಛಾಯಾಗ್ರಾಹಕರ ಮೂಲ ಉದ್ದೇಶದಂತೆಯೇ ಇದೆ’ ಎಂಬ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕು. ಇನ್ನು ಮುಂದೆ ಯಾರು ಆ ಚಿತ್ರ ನೋಡಿದರೂ ನೋಡುವುದು ಈ ಹೊಸ ಪ್ರತಿಯನ್ನೇ. ತಪ್ಪಾದರೆ ತಪ್ಪೇ ಉಳಿಯುತ್ತದೆ.

ನೀನು ಮಾಡುತ್ತಿದ್ದ, ಒಂದೊಂದು ಶಾಟಿಗೂ ಬೆಳಕು ಬಣ್ಣ ಹೊಂದಿಸುವ ಗ್ರೇಡಿಂಗ್ ಕೆಲಸವನ್ನು ಅಲ್ಲಿ ಮಾಡುವವರು ನಲವತ್ತರ ಹತ್ತಿರದ ಒಬ್ಬ ಹೆಂಗಸು. ಗಟ್ಟಿ ಆಸಾಮಿ. ದಪ್ಪ ಪರದೆ ಎಳೆದ ತಣ್ಣನೆ ಕೋಣೆ, ಗೋಡೆ ತುಂಬ ತೆರೆ, ಅವರ ಮುಂದೆ ನಿನ್ನ ಕಾಲದ ಗುಂಡಿಗಳ ಬದಲು ಉರುಳಿಸುವ ಮೂರು ಗುಂಡುಗಳು. ಕಥೆಯ ತಾಯಿ ಬಾಗಿಲಿಗೆ ಬೆನ್ನು ಮಾಡಿ ಬಟ್ಟೆ ಮಡಿಸುವ ದೃಶ್ಯ ಹಾಕಿದರು. ಎಲ್ಲರೂ ಹೊಗಳಿದ ಆ ದೃಶ್ಯ ಹಸಿ ನೆಗೆಟಿವ್‌ನಲ್ಲಿ ಹೇಗಿದೆ ಗೊತ್ತಾ? ಹಾಲಿಗೆ ಬೂದಿ ಕಲಸಿದ ಹಾಗೆ. ಹಿಂದಿನ ಗೋಡೆಗೆ ಅಂಟಿಸಿದ ವೈರು, ಮಂಚದ ಕೆಳಗೆ ನಾವೇ ಮರೆತು ಬಿಟ್ಟಿದ್ದ ಲೈಟಿನ ಡಬ್ಬ, ಕಾಣಬಾರದ್ದೆಲ್ಲ ಮಸುಕುಮಸುಕಾಗಿ ಕಾಣುತ್ತಿತ್ತು. ಕಾಣಬೇಕಾದ ಮುಖ ಮಾತ್ರ ಅದರ ನಡುವೆ ಕಳೆದುಹೋಗಿತ್ತು.

“ಎಷ್ಟು ಇಳಿಸ್ಲಿ ಸರ್?” ಎಂದು ಕೇಳಿದರು. ಇನ್ನೂ ಸ್ವಲ್ಪ ಎಂದೆ. ಇಳಿಸಿದರೆ ಮುಖವೇ ಮುಳುಗಿತು. ಸ್ವಲ್ಪ ಏರಿಸಿ ಎಂದೆ. ಏರಿಸಿದರೆ ವೈರು ಎದ್ದು ಬಂತು. ಹೀಗೆ ಮೂರು ದಿನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ತೆರೆ ಸರಿಯಿಲ್ಲ ಎಂದೆ. ಪಾಪ, ಅವರು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಬೇರೆ ತೆರೆಯ ಮೇಲೆ ತೋರಿಸಿದರು. ಅಲ್ಲೂ ಅದೇ ಬೂದಿ ಹಾಲು. ಮೂರನೇ ದಿನ ಗುಂಡುಗಳಿಂದ ಕೈ ತೆಗೆದು, “ಬೇಜಾರ್ ಮಾಡ್ಕೋಬೇಡಿ ಸರ್, ಇದು ಹೇಗಿರ್ಬೇಕು ಅಂತ ನಿಮಗೇ ಗೊತ್ತಿಲ್ಲ ಅನ್ಸುತ್ತೆ” ಎಂದರು. ನಲವತ್ತು ವರ್ಷದ ವೃತ್ತಿಯಲ್ಲಿ ಇದನ್ನು ನನ್ನ ಮುಖಕ್ಕೆ ಹೇಳಿದವರು ಇಬ್ಬರೇ. ಮೊದಲನೆಯವಳು ನೀನು.

ಆ ದಿನ ನೆನಪಿದೆಯಾ? ರಾತ್ರಿಯ ಹೊರಾಂಗಣಕ್ಕೆ ಕಡಿಮೆ ಬೆಳಕು ಸಾಕಾಗುವ ವೇಗದ ಫಿಲ್ಮ್ ಬಳಸಿ, ದೀಪ ಹಾಕಿ ತೆಗೆಯುವ ಮನೆಯೊಳಗಿನ ದೃಶ್ಯಗಳಿಗೆ ಹೆಚ್ಚು ಬೆಳಕು ಬೇಡುವ ನಿಧಾನದ ಫಿಲ್ಮ್ ತುಂಬಿಸಿದ್ದೆ. ಬೆಳಕು ಅಳೆಯುವ ಮೀಟರಿನಲ್ಲಿ ಸಂಖ್ಯೆ ಬದಲಿಸಲು ಮರೆತೆ. ಒಂದು ದಿನವಲ್ಲ, ಒಂಬತ್ತು ದಿನ. ಬೇಕಾದ ಬೆಳಕಿನ ಕಾಲು ಭಾಗದಲ್ಲಿ ಅರ್ಧ ಸಿನಿಮಾ ತೆಗೆದು, ಎದೆ ಉಬ್ಬಿಸಿಕೊಂಡು ಲ್ಯಾಬಿಗೆ ಕಳಿಸಿದ್ದೆ. ನೀನು ನೆಗೆಟಿವ್ ಸುರುಳಿ ಹಿಡಿದು ಹೊರಗೆ ಬಂದು, ಯಾರಿಗೂ ಕೇಳಿಸದ ಹಾಗೆ, “ಮೀಟರ್ ಯಾವ ಫಿಲ್ಮಿಗೆ ಇಟ್ಟಿದ್ರಿ?” ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಜೇಬಿನ ಮೀಟರಿಗೆ ಹೋಯಿತು. ನಿನಗೆ ನಗು ಬಂತು. ಹಿಂದೆಯೇ ಬಂದ ನಿರ್ದೇಶಕರಿಗೆ ನೀನು, “ನಮ್ಮ ಕಡೆ ಕೆಮಿಕಲ್ ತೊಂದ್ರೆ ಇದೆ, ಒಂದು ವಾರ ಕೊಡಿ” ಎಂದು ಅಳುಕದೆ ಸುಳ್ಳು ಹೇಳಿದೆ. ಅಂದು ನೀನು ನಿಜ ಹೇಳಿದ್ದರೆ ನಾನು ಇಷ್ಟು ಹೊತ್ತಿಗೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾ ಕೂತಿರುತ್ತಿದ್ದೆ.

ಅಂಥ ತೆಳು ನೆಗೆಟಿವ್ ಬಂದರೆ ಬೇರೆ ಯಾರಾದರೂ ಬೆಳಕು ಏರಿಸಿ, ಎಲ್ಲವನ್ನೂ ಬೂದಿ ಬಣ್ಣ ಮಾಡಿ ಕೊಡುತ್ತಿದ್ದರು. ನೀನು ಉಲ್ಟಾ ಮಾಡಿದೆ. ಇನ್ನೂ ಕತ್ತಲು ಮಾಡಿದೆ. ಆ ಕತ್ತಲಿಗೆ ಹಳೇ ತಾಮ್ರದ ಪಾತ್ರೆಯ ಒಳಮೈ ಬಣ್ಣ ಕೊಟ್ಟೆ. ವೈರು, ಡಬ್ಬ, ಗೋಡೆ ಎಲ್ಲ ಹೋಗಿ, ತಾಯಿಯ ಕೆನ್ನೆ ಮತ್ತು ಬಟ್ಟೆ ಮಡಿಸುವ ಎರಡು ಕೈ ಉಳಿದವು. ಒಂದು ಮಾತು ಮಾತ್ರ ಹೇಳಲೇಬೇಕು. ಕತ್ತಲಿದ್ದರೆ ಇರಲಿ ಎಂದು ಧೈರ್ಯ ಮಾಡಿದವನು ನಾನು. ಎಂಥ ಕತ್ತಲು ಎಂದು ಕಂಡವಳು ನೀನು. ಆ ಒಂದು ಪಾಲನ್ನು ನನಗೆ ಬಿಟ್ಟುಬಿಡು.

ಆಮೇಲೆ ನಡೆದದ್ದೆಲ್ಲ ನಿನಗೆ ಗೊತ್ತು. ಅದು ನನ್ನ ‘ಶೈಲಿ’ ಆಯಿತು. ಪತ್ರಿಕೆಯವರು ಬಂದು ಈ ಶೈಲಿ ಹೇಗೆ ಬಂತು ಎಂದು ಕೇಳಿದರು. ಮೀಟರ್ ಮರೆತೆ, ಲ್ಯಾಬಿನ ಹುಡುಗಿ ಕಾಪಾಡಿದಳು ಎಂದು ಹೇಳಲು ನಾಲಗೆ ಏಳಲಿಲ್ಲ. ಬಾಲ್ಯದಲ್ಲಿ ಒಂದೇ ಕಿಟಕಿಯ ಕೋಣೆಯಲ್ಲಿ ಓದುತ್ತಿದ್ದೆ, ಅಲ್ಲಿ ಬೆಳಕನ್ನು ಕಲಿತೆ ಎಂದೆ. ನಾನು ಬೆಳೆದದ್ದು ಬಸ್ ಡಿಪೋ ಎದುರಿನ ಮನೆಯಲ್ಲಿ. ಐದು ಕಿಟಕಿ, ಎಲ್ಲ ಕಡೆ ಟ್ಯೂಬ್‌ಲೈಟು. ನೀನು ಆ ಸಂದರ್ಶನ ಓದಿ, ಪತ್ರಿಕೆ ಮಡಿಸಿಟ್ಟು, “ಆ ಕೋಣೆ ಎಲ್ಲಿತ್ತು?” ಎಂದಷ್ಟೇ ಕೇಳಿದೆ. ಆಗ ಮದುವೆಯಾಗಿ ಎರಡು ತಿಂಗಳು. ನಾನು ನಕ್ಕೆ, ನೀನೂ ನಕ್ಕೆ. ಈಗ ಆ ಒಂದೇ ಕಿಟಕಿಯ ಕೋಣೆ ವಿದ್ಯಾರ್ಥಿಗಳ ಪುಸ್ತಕದಲ್ಲಿದೆ, ಹುಡುಗರು ಉರು ಹೊಡೆಯುತ್ತಾರೆ.

ಹತ್ತು ಚಿತ್ರ ಹಾಗೇ ನಡೆಯಿತು. ನಾನು ತೆಗೆಯುವುದು, ನೀನು ಅದನ್ನು ನನ್ನದಾಗಿ ಮಾಡುವುದು. ಬರಬರುತ್ತಾ ನಾನು ಅಳತೆ ನೋಡುವುದನ್ನೂ ಕಡಿಮೆ ಮಾಡಿದ್ದೆ. ನೀನಿದ್ದೀಯಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಆ ಗಿಡದ ಎಲೆ ಕಿತ್ತುಕೊಂಡೇ ಬದುಕಿ, ಗಿಡ ಯಾವುದು ಎಂದು ಯಾರಿಗೂ ಹೇಳಲಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಒಂಬತ್ತನೇ ಚಿತ್ರದ ಹೆಸರುಪಟ್ಟಿ ಮಾಡುವಾಗ ನಿರ್ದೇಶಕರು ತಾವಾಗಿಯೇ ನಿನ್ನ ಹೆಸರನ್ನು ತೆರೆಯ ಮೇಲೆ ಬೇರೆ ಕಾರ್ಡಿನಲ್ಲಿ, ಒಂಟಿಯಾಗಿ ಹಾಕೋಣ ಎಂದಿದ್ದರು. ಬೇಡ ಎಂದವನು ನಾನು. ಲ್ಯಾಬಿನವರದ್ದೆಲ್ಲ ಹಾಕುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ, ಹೆಂಡತಿ ಅಂತ ಹಾಕಿಸಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದೆ. ಅವರು ಸರಿ ಎಂದರು. ಅಂದು ಮನೆಗೆ ಬಂದಾಗ ನೀನು ಬಾಗಿಲು ತೆಗೆದು, “ಯಾಕೆ ಹೀಗಿದ್ದೀಯ?” ಎಂದು ಕೇಳಿದ್ದೆ. ತಲೆನೋವು ಎಂದಿದ್ದೆ.

ಗೊತ್ತಿರುವುದನ್ನೂ ಬರೆಯುತ್ತೇನೆ. ಆ ಚಿತ್ರದ ನೂರನೇ ದಿನದ ಕೂಟದಲ್ಲಿ ಯಾರೋ ದೊಡ್ಡ ಮನುಷ್ಯರು ನಿನ್ನನ್ನು, “ನೀವೂ ಕೆಲಸಕ್ಕೆ ಹೋಗ್ತೀರಾ ಅಮ್ಮಾ?” ಎಂದು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ನಾನು, “ಲ್ಯಾಬಲ್ಲಿ ಗುಂಡಿ ಒತ್ತುತ್ತಾಳೆ” ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಅದಕ್ಕೇ ಪರವಾಗಿಲ್ಲ ಅಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಅಷ್ಟು ಒಳ್ಳೆಯ ಉಡುಗೆ ತೊಟ್ಟುಕೊಂಡು ಕಲಿತವನು ನಾನೊಬ್ಬನೇ ಇರಬೇಕು.

ಮುಂದಿನ ಚಿತ್ರವನ್ನೂ ನೀನು ಎಂದಿನಂತೆ ಮುಗಿಸಿಕೊಟ್ಟೆ. ಹನ್ನೊಂದನೆಯದನ್ನು ಮಾತ್ರ ಲ್ಯಾಬಿನ ನಿಯಮದ ಪುಸ್ತಕದಲ್ಲಿ ಇರುವಂತೆ ಮಾಡಿದೆ. ನೆಗೆಟಿವ್‌ನಲ್ಲಿ ಏನಿತ್ತೋ ಅದು, ನಿನ್ನದು ಎಂಬುದು ಒಂದು ಚಿಟಿಕೆಯೂ ಇಲ್ಲದೆ. ಲ್ಯಾಬಿನ ಪುಟ್ಟ ಥಿಯೇಟರಿನಲ್ಲಿ ನೋಡಿ ನಾನು ಹಾರಾಡಿದೆ, ಇದು ನನ್ನ ಚಿತ್ರವೇ ಅಲ್ಲ ಎಂದೆ. ನೀನು ದನಿ ಏರಿಸಲಿಲ್ಲ. “ನೀವು ತೆಗೆದಿದ್ದು ಇದೇ” ಎಂದೆ. ಲ್ಯಾಬಿನಲ್ಲಿ ನನ್ನನ್ನು ‘ನೀವು’ ಎನ್ನುತ್ತಿದ್ದೆ, ಮನೆಯ ಬಾಗಿಲು ದಾಟಿದ ಮೇಲೆ ‘ನೀನು’. ಅಂದು ಸಂಜೆ ಮನೆಯಲ್ಲೂ, “ನೀವು ಊಟ ಮಾಡ್ತೀರಾ?” ಎಂದು ಕೇಳಿದೆ. ಆಗಲಾದರೂ ನನಗೆ ಎಚ್ಚರವಾಗಬೇಕಿತ್ತು. ಊಟ ಬೇಡ ಎಂದು ಬಾಗಿಲು ಹಾಕಿಕೊಂಡೆ. ವಾರದಲ್ಲಿ ನೀನು ಅಕ್ಕನ ಮನೆಗೆ ಹೋದೆ.

ನೀನು ಹೋದ ಮೇಲೆ ಆರು ಚಿತ್ರ ಮಾಡಿದೆ. ಕೈ ಹಿಡಿತ ತಪ್ಪಿದೆ ಎಂದು ಬರೆದರು. ನಾನು ಬೇಕೆಂದೇ ಬೆಳಕಿನ ಕಡೆ ಹೊರಳಿದ್ದೇನೆ ಎಂದು ಹೇಳಿಕೊಂಡು ತಿರುಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ನನಗೆ ಕೆಟ್ಟು ಹದಿನೇಳು ವರ್ಷ ಬೇಕಾಯಿತು. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದೇನೆ. ಏನು ಹೇಳಲಿ? ತಪ್ಪಾಯಿತು ಎಂಬುದು ಇಷ್ಟು ಚಿಕ್ಕ ಮಾತು, ಅದನ್ನು ಹೇಳಲು ಇಷ್ಟು ಪುಟ ಬೇಕಾಯಿತು ನೋಡು. ತಪ್ಪಾಯಿತು ಕಣೇ. ಕೆಲಸ ಕಿತ್ತುಕೊಂಡೆ ಎಂಬುದಕ್ಕಿಂತ, ಕಿತ್ತುಕೊಂಡದ್ದು ನಿನ್ನ ಕಣ್ಣೆದುರೇ, ನೀನು ನಗುತ್ತಿರುವಾಗಲೇ ಎಂಬುದು ನನ್ನನ್ನು ಈಗ ಕೂತಲ್ಲಿ ನಿಂತಲ್ಲಿ ಸುಡುತ್ತದೆ.

ಚಿತ್ರ ಇನ್ನೂ ಬೂದಿ ಹಾಲಾಗಿಯೇ ಇದೆ. ಇಪ್ಪತ್ತಾರರೊಳಗೆ ರುಜು ಹಾಕಬೇಕು. ನೀನು ಒಂದು ದಿನ ಬಂದು ಆ ಕೋಣೆಯಲ್ಲಿ ಕೂತರೆ ಸಾಕು. ನನ್ನ ಜೊತೆ ಮಾತಾಡಬೇಕಾಗಿಲ್ಲ, ನಾನು ಹೊರಗಿನ ಬೆಂಚಿನ ಮೇಲಿರುತ್ತೇನೆ. ಈ ಸಲ ನಿನ್ನ ಹೆಸರು ಒಂಟಿ ಕಾರ್ಡಿನಲ್ಲಿ, ನನ್ನದಕ್ಕಿಂತ ಮೊದಲು ಬರುತ್ತದೆ.

ಇಂತಿ,
ನಿಮ್ಮಮ್ಮ ಕೊನೆವರೆಗೂ ಅಳಿಯಂದಿರು ಎನ್ನದೆ ‘ಆ ಕ್ಯಾಮೆರಾದೋನು’ ಎಂದೇ ಕರೆದ
ನಾನು

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದೆ, ಅಂಟಿಸಲು ಆಗಲಿಲ್ಲ. ಮೇಲೆ ಎರಡು ಸುಳ್ಳು ಬರೆದಿದ್ದೇನೆ.

ಚಿತ್ರ ಸರಿಹೋಗಿ ಹತ್ತು ದಿನವಾಯಿತು. ಕೆಲಸ ಶುರುವಾದ ನಾಲ್ಕನೇ ದಿನ ಆ ಹೆಂಗಸು ನೆಗೆಟಿವ್ ಡಬ್ಬಿಗಳ ತಳದಲ್ಲಿ ನಿನ್ನ ಗ್ರೇಡಿಂಗ್ ಹಾಳೆಗಳನ್ನು ಹುಡುಕಿ ತೆಗೆದರು. ಒಂದೊಂದು ಶಾಟಿಗೂ ಕೆಂಪು, ಹಸಿರು, ನೀಲಿ ಬೆಳಕಿಗೆಂದು ನಿನ್ನ ಕೈಯಲ್ಲಿ ಬರೆದ ಮೂರು ಮೂರು ಅಂಕಿ. ಅದರಂತೆ ಹೊಂದಿಸುತ್ತಾ ಹೋದರು, ಸಂಜೆಯೊಳಗೆ ಆ ತಾಮ್ರದ ಕತ್ತಲು ಗೋಡೆ ತುಂಬ ಬಂದು ನಿಂತಿತು. ಚಿತ್ರಕ್ಕೆ ನೀನು ಬರಬೇಕಾಗಿಲ್ಲ. ಬಾ ಎನ್ನಲು ನನಗೆ ಬೇರೆ ನೆಪ ಸಿಗಲಿಲ್ಲ.

ಎರಡನೆಯದು, ನನಗೆ ಬಿಟ್ಟುಬಿಡು ಎಂದು ಕೇಳಿದ ಆ ಧೈರ್ಯದ ಪಾಲು. ಐದನೇ ರೀಲಿನ ಹಾಳೆಯ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಕೆಳಗೆ ನನ್ನ ರುಜುವಿನ ಸಮೇತ, ‘ರೀಲ್ ಪೂರ್ತಿ ಕತ್ತಲು. ಬೆಳಕು ಹೆಚ್ಚಿಸಿ’ ಎಂದು ಬರೆದಿದೆ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ನೀನು, ‘ಬೇಡ. ಮುಖ ಕಂಡರೆ ಸಾಕು’ ಎಂದು ಬರೆದಿದ್ದೀಯ. ಬೆಳಕು ಹೆಚ್ಚಿಸಿ ಎಂದು ಬರೆದವನು ನಾನೇ ಎಂಬುದು ನನಗೆ ಇಷ್ಟು ವರ್ಷವೂ ನೆನಪಿತ್ತು. ಆ ಹೆಂಗಸು ಎರಡನ್ನೂ ಓದಿದರು. ನಾನು ರುಜು ಹಾಕಬೇಕಿದ್ದ ಒಪ್ಪಿಗೆ ಪತ್ರವನ್ನು ನನ್ನ ಮುಂದಿನಿಂದ ಎತ್ತಿಕೊಂಡು, “ಇದನ್ನ ಯಾರಿಗೆ ಕಳಿಸ್ಬೇಕು ಸರ್?” ಎಂದು ಕೇಳಿದರು. ಅದು ಈ ಲಕೋಟೆಯಲ್ಲೇ ಇದೆ, ರುಜುವಿನ ಜಾಗ ಖಾಲಿ ಬಿಟ್ಟಿದ್ದೇನೆ.