ಭಾವನ ಆಫೀಸಿಗೆ ಬರಬೇಡ

ನನ್ನ ಚೂಟಿ,

ಫೋನ್ ಎತ್ತೇ ಮಹಾತಾಯಿ! ಬೆಳಗಿನಿಂದ ಮಾಡಿ ಮಾಡಿ ಸಾಕಾಗಿ, ಕೊನೆಗೆ ನಿನ್ನ ಮನೆವರೆಗೂ ಬಂದೆ. ಬೀಗ. ನಿನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಬೈಕೋಬೇಡ. ಮೊನ್ನೆ ನಾನು ದುಡುಕಬೇಡ ಅಂದದ್ದಕ್ಕೆ, "ನನ್ನ ಕೈಗೆ ನಾಲ್ಕು ಕಾಸು ಬಂತು ಅಂತ ನಿಂಗೆ ತಡ್ಕೊಳಕ್ಕೆ ಆಗ್ತಿಲ್ಲ ಅಲ್ವಾ ಅಕ್ಕ" ಅಂದು ನೀನು ಪಟ್ಟನೆ ಫೋನಿಟ್ಟೆ. ಇರಲಿ. ಹೊಟ್ಟೆಕಿಚ್ಚಿನವಳು ಅಂದುಕೊಂಡೇ ಓದು, ಆದರೆ ಪೂರ್ತಿ ಓದು.

ನಾಳೆ ನೀನು ನಮ್ಮ ಆಫೀಸಿಗೆ ಬಂದು ನಿನ್ನ ಭಾವನ ಮುಂದೆ ಕೂತು ಸಹಿ ಹಾಕುತ್ತೀಯ. ಕರೆಂಟ್ ಕಂಬದಿಂದ ಬಿದ್ದು ತೀರಿಹೋದ ನಿನ್ನ ಗಂಡನ ಜೀವಕ್ಕೆ ಕಂಪನಿಯವರು ಕೊಟ್ಟ ಪರಿಹಾರವನ್ನೆಲ್ಲ ಭಾವನ ಕೈಗೆ ಒಪ್ಪಿಸುತ್ತೀಯ. ತೆರಿಗೆ, ಹೂಡಿಕೆ, ಎಲ್ಲ ಭಾವನೇ ನೋಡಿಕೊಳ್ಳಲಿ ಅಂತ. ಆ ದುಡ್ಡು ಬಿಟ್ಟರೆ ನಿನಗೂ ಮಗಳಿಗೂ ಬೇರೆ ದಿಕ್ಕಿಲ್ಲ. ಬೇಡ ಕಣೇ. ಕೈ ಮುಗಿಯುತ್ತೇನೆ, ಕಾಲಿಗೆ ಬೀಳು ಅಂದರೆ ಬೀಳುತ್ತೇನೆ. ಬೇರೆ ಯಾವ ಲೆಕ್ಕಿಗರ ಹತ್ತಿರ ಬೇಕಾದರೂ ಹೋಗು, ನನ್ನ ಗಂಡನ ಹತ್ತಿರ ಬರಬೇಡ.

ಅವರು ಕಳ್ಳರಲ್ಲ. ಕಳ್ಳರಾಗಿದ್ದರೆ ನನಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಕೂಗಿ ಹೇಳಿಬಿಡುತ್ತಿದ್ದೆ. ಅವರಿಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ಕೆಟ್ಟ ಸುದ್ದಿ ಹೇಳಲು ಬಾಯಿ ಬರುವುದಿಲ್ಲ. ಏನು ಕೇಳಿದರೂ "ಆಗುತ್ತೆ ಬಿಡಿ, ನಾನಿದ್ದೀನಲ್ಲ" ಅನ್ನುತ್ತಾರೆ. ಆ ಮಾತು ಕೇಳಿ ನೀನು ಹೇಗೆ ಅತ್ತುಬಿಟ್ಟೆ ಅಂತ ನಾನೂ ನೋಡಿದೆ. ಗಂಡ ಹೋದ ಮೇಲೆ ನಿನಗೆ ಹಾಗೆ ಹೇಳಿದವರು ಅವರೊಬ್ಬರೇ, ನನಗೆ ಗೊತ್ತು.

ನಮ್ಮ ನೆಂಟರಿಷ್ಟರ ರೀತಿ ನಿನಗೆ ಗೊತ್ತೇ ಇದೆ. ನಿನ್ನ ಭಾವ ಮನೆಯವರಿಂದ ಫೀಸು ತಗೊಳ್ಳುವುದಿಲ್ಲ, ಮನೆಯವರು ಅವರಿಂದ ರಸೀದಿ ಕೇಳುವುದಿಲ್ಲ. ಕೇಳಿದರೆ ಮುಖಕ್ಕೆ ಹೊಡೆದ ಹಾಗೆ. ಎಷ್ಟು ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೊಗಳುತ್ತಾರೆ. ಆ ಆಫೀಸಿನ ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವವಳು ನಾನು. ಫೀಸು ಕೊಟ್ಟವರ ಕೆಲಸ ಮೊದಲು, ಮನೆಯವರದು ಕಟ್ಟಕಡೆಗೆ. ಗಡುವು ದಾಟಿದರೆ ದಂಡ. ಆ ದಂಡವನ್ನು ಮೆಲ್ಲಗೆ ಅವರವರ ದುಡ್ಡಿನಿಂದಲೇ ಕಟ್ಟುತ್ತಾರೆ, ಪಾಪ ನೊಂದುಕೊಳ್ಳುತ್ತಾರೆ ಅಂತ ಹೇಳುವುದಿಲ್ಲ. ಇನ್ನು ಹೂಡಿಕೆ. ಫೀಸು ಕೊಡದವರ ದುಡ್ಡು, ಇವರಿಗೆ ಕಮಿಷನ್ ಕೊಡುವವನ ಕಡೆಗೇ ಹೋಗುತ್ತದೆ. ಬಿಟ್ಟಿ ಕೆಲಸದ ಖರ್ಚು ಎಲ್ಲಿಂದಾದರೂ ಹುಟ್ಟಬೇಕಲ್ಲ!

ನಮ್ಮ ಸೋದರತ್ತೆಯನ್ನೇ ನೋಡು. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದನ್ನು ನಿನ್ನ ಭಾವ ಪರಿಚಯದವನೊಬ್ಬನ ಮನೆ ಕಟ್ಟುವ ಯೋಜನೆಗೆ ಹಾಕಿಸಿದರು. ಮನೆಯೂ ಏಳಲಿಲ್ಲ, ದುಡ್ಡೂ ವಾಪಸು ಬರಲಿಲ್ಲ. ಈಗ ಅತ್ತೆಗೆ ಕಣ್ಣಿನ ಆಪರೇಷನ್ ಆಗಬೇಕು. ಫೋನ್ ಮಾಡುತ್ತಾಳೆ, ಎತ್ತುವವಳು ನಾನೇ. "ಅವನಿಗೆ ತೊಂದ್ರೆ ಕೊಡಬೇಡಮ್ಮ, ಒಂದು ಕಣ್ಣು ಇನ್ನೂ ಕಾಣ್ಸತ್ತಲ್ಲ" ಅನ್ನುತ್ತಾಳೆ. ಈಗಲೂ ಅವರನ್ನು ಹರಸಿಯೇ ಫೋನಿಡುತ್ತಾಳೆ.

ಹೋದ ವಾರ ಇವರು ಕುಣಿಯುತ್ತಾ ಮನೆಗೆ ಬಂದರು. ಅಷ್ಟು ಖುಷಿಯಾಗಿ ಅವರನ್ನು ನೋಡಿ ಎಷ್ಟು ದಿನವಾಗಿತ್ತೋ. "ದಾರಿ ಸಿಕ್ತು ಕಣೇ! ಅದೇ ಯೋಜನೆಗೆ ಹೊಸ ದುಡ್ಡು ತಂದರೆ ಅತ್ತೇದನ್ನ ಬಿಡಿಸಿಕೊಡ್ತಾನಂತೆ" ಅಂದರು. ಹೊಸ ದುಡ್ಡು ಯಾರದು ಅಂದೆ. "ನಮ್ಮ ಚೂಟೀದು ಇದೆಯಲ್ಲ, ಅವಳಿಗೇನು ಈಗ್ಲೇ ಬೇಕಾ?" ನಾನು ಕೂಗಾಡಿದೆ, ಅತ್ತುಬಿಟ್ಟೆ, ತಟ್ಟೆ ಎತ್ತಿ ಒಗೆದೆ. ಅವರೂ ಅತ್ತರು. "ನಾನೇನು ಯಾರ ದುಡ್ಡಾದ್ರೂ ತಿಂದಿದ್ದೀನಾ?" ಅಂದರು. ತಿಂದಿಲ್ಲ. ಅದಕ್ಕೇ ಅವರನ್ನು ತಡೆಯುವುದು ಹೇಗೆ ಅಂತ ನನಗೆ ತಿಳಿಯುತ್ತಿಲ್ಲ.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಲೆಕ್ಕಿಗ ಮೇಡಂ ಇದ್ದಾರೆ. ನಿನಗೋಸ್ಕರ ಕದ್ದು ಹೋಗಿ ಮಾತಾಡಿಸಿ ಬಂದೆ. ಮುಖದಲ್ಲಿ ನಗು ಅನ್ನುವುದೇ ಇಲ್ಲ, ಕೂತುಕೋ ಅನ್ನಲೂ ಇಲ್ಲ. ಮೊದಲು ತಮ್ಮ ಫೀಸು ಎಷ್ಟು ಅಂತ ಹೇಳಿದರು. ಬೇರೆ ಯಾರಿಂದಲೂ ಕಮಿಷನ್ ತಗೊಳ್ಳುವುದಿಲ್ಲ, ಅದನ್ನು ಬರೆದುಕೊಡುತ್ತೇನೆ ಅಂದರು. ಪರಿಹಾರದ ದುಡ್ಡಿಗೆ ತೆರಿಗೆ ಬೀಳುತ್ತದಾ ಅಂದರೆ, "ಕಾಗದ ನೋಡ್ದೆ ಹೇಳಕ್ಕಾಗಲ್ಲ" ಅಂದರು. ತೆರಿಗೆ ಉಳಿಸಿಕೊಡುತ್ತೀರಾ ಅಂದೆ. "ಕಟ್ಟಬೇಕಾದ್ದು ಕಟ್ಟಲೇಬೇಕಮ್ಮ, ಜಾಸ್ತಿ ಕಟ್ಟದ ಹಾಗೆ ನೋಡ್ಕೋತೀನಿ" ಅಂದುಬಿಟ್ಟರು. ಖಾಲಿ ಹಾಳೆಗೆ ಸಹಿ ಹಾಕಿಸುವುದಿಲ್ಲ, ದುಡ್ಡು ನಿನ್ನ ಹೆಸರಿನಲ್ಲೇ ಇರುತ್ತದೆ, ನೀನು ಕೇಳಿದಾಗ ಲೆಕ್ಕ ತೋರಿಸುತ್ತಾರೆ. ಮೆಟ್ಟಿಲಿಳಿಯುವಾಗ ಎಂಥ ಗಂಟುಮುಖ ಇವಳದು ಅಂತ ಬೈಕೊಂಡೆ. ಕೆಳಗೆ ಬಂದು ನಿಂತು ಅತ್ತುಬಿಟ್ಟೆ, ಯಾಕೆಂದರೆ ಒಳ್ಳೆಯ ಲೆಕ್ಕಿಗರು ಹೀಗಿರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ಮೇಡಂ ಹತ್ತಿರ ಹೋಗು. ನೀನು ಪ್ರಶ್ನೆ ಕೇಳು, ಅರ್ಥವಾಗುವವರೆಗೂ ಕೇಳು, ದಡ್ಡಿ ಅಂದುಕೊಂಡರೆ ಅಂದುಕೊಳ್ಳಲಿ.

ಭಾವನಿಗೆ ಏನು ಹೇಳಲಿ ಅಂತ ಕೇಳುತ್ತೀಯ. ಮೈ ಸರಿಯಿಲ್ಲ ಅನ್ನಬೇಡ, ಮನೆಗೇ ಬಂದು ಸಹಿ ಹಾಕಿಸಿಕೊಳ್ಳುತ್ತಾರೆ. ಯೋಚನೆ ಮಾಡಬೇಕು ಅನ್ನಬೇಡ, ನಿನ್ನ ಪರವಾಗಿ ಅವರೇ ಯೋಚಿಸಿರುತ್ತಾರೆ. ಯಾವ ನೆಪ ಹೇಳಿದರೂ ಕರಗಿಸಿಬಿಡುತ್ತಾರೆ. ಅವರ ಹತ್ತಿರ ಉತ್ತರವಿಲ್ಲದ ಮಾತು ಒಂದೇ ಒಂದು: "ಅಕ್ಕ ಬೇಡ ಅಂದಳು." ಅದನ್ನೇ ಹೇಳು. ಆಮೇಲೆ ನನ್ನ ಮನೆ ಏನಾಗುತ್ತದೋ ಗೊತ್ತಿಲ್ಲ. ಭಯವಾಗುತ್ತಿದೆ ಕಣೇ.

ಇಂಥ ಕಾಗದದ ಕೊನೆಗೆ ಓದಿ ಹರಿದುಹಾಕು ಅಂತ ಬರೆಯುತ್ತಾರೆ. ನೀನು ಹರಿಯಬೇಡ. ಅವರು ನಂಬದಿದ್ದರೆ ಮುಂದಿಟ್ಟು ತೋರಿಸು. ನನ್ನ ಅಕ್ಷರ ಅವರಿಗೆ ಗೊತ್ತು.

ನೀನೂ ಮಗಳೂ ಯಾರ ಮುಂದೆಯೂ ಕೈ ಚಾಚದೆ ತಣ್ಣಗೆ ಬಾಳಿ.

ನಿನ್ನ ಒಡಹುಟ್ಟಿದ,
ಅಕ್ಕ